ಹೆಚ್ಚಿನ ಪಾಲಿಗೆ ಇಂಗ್ಲಿಷ್‌ನಲ್ಲಿ ಯಾವ ಪದ? ಮೆಜಾರಿಟಿ, ಮೋಸ್ಟ್, ಬಲ್ಕ್ ಮತ್ತು ಉಳಿದವು

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು. ಅಡಿಕೆ ಬೆಳೆಗಾರರ ಒಂದು ಸಂಘದಲ್ಲಿ ಕೆಲಸ ಮಾಡುತ್ತೇನೆ. ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರುವ ಕೊಳೆರೋಗದ ಬಗ್ಗೆ 200 ತೋಟಗಳ ಸಮೀಕ್ಷೆ ಮಾಡಿ ಇಂಗ್ಲಿಷ್‌ನಲ್ಲಿ ವರದಿ ಬರೆದೆ. ಪುಟದ ತುಂಬಾ ‘ಮೆಜಾರಿಟಿ’ ಅಂತಲೇ ಬಂದಿತ್ತು. ಒಂದೇ ಪದ ಚೆನ್ನಾಗಿರಲ್ಲ, ಬದಲಿಸು ಅಂದರು. ಫೋನಿನಲ್ಲಿ ಸಮಾನ ಪದ ಹುಡುಕಿದೆ. ಮೋಸ್ಟ್, ಬಲ್ಕ್, ಲಯನ್ಸ್ ಶೇರ್, ಪ್ಲುರಾಲಿಟಿ, ಪ್ರಿಪಾಂಡರೆನ್ಸ್, ಬೆಟರ್ ಪಾರ್ಟ್ ಸಿಕ್ಕವು. ಅಲ್ಲೊಂದು ಇಲ್ಲೊಂದು ಹಾಕಿದೆ. ಈಗ ವರದಿ ಕೆಂಪು ಗೆರೆ ಹಾಕಿಸಿಕೊಂಡು ವಾಪಸ್ ಬಂದಿದೆ. ಗೆರೆ ಬಿದ್ದ ವಾಕ್ಯಗಳು ಇವು: ‘ದ ಲಯನ್ಸ್ ಶೇರ್ ಆಫ್ ದ ಫಾರ್ಮರ್ಸ್ ಹ್ಯಾಡ್ ಕೊಳೆರೋಗ’, ‘ಎ ಪ್ಲುರಾಲಿಟಿ ಆಫ್ ಗ್ರೋವರ್ಸ್ ಸ್ಪ್ರೇಯ್ಡ್ ಬಿಫೋರ್ ದ ರೇನ್ಸ್’, ‘ದ ಮೆಜಾರಿಟಿ ಆಫ್ ದ ಕ್ರಾಪ್ ಫೆಲ್ ಇನ್ ಜುಲೈ’, ‘ಮೋಸ್ಟ್ಲಿ ಫಾರ್ಮರ್ಸ್ ಕುಡ್ ನಾಟ್ ಗೆಟ್ ಲೇಬರ್’. ಎಲ್ಲಕ್ಕೂ ಅರ್ಥ ಒಂದೇ ಅಲ್ವಾ? ಯಾವುದನ್ನು ಎಲ್ಲಿ ಹಾಕಬೇಕು? ಇವುಗಳ ಮುಂದೆ ಕ್ರಿಯಾಪದ ಏಕವಚನವೋ ಬಹುವಚನವೋ?

ಉತ್ತರ: ಅರ್ಥ ಒಂದೇ ಅಲ್ಲ. ನಿಮ್ಮ ನಾಲ್ಕು ವಾಕ್ಯಗಳಲ್ಲಿ ನಾಲ್ಕು ಬೇರೆ ಬೇರೆ ತೊಂದರೆ ಇದೆ. ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು ಒಂದು ಮಾತು: ನಿಮ್ಮ ಮೊದಲ ಕರಡನ್ನು ಬದಲಿಸಲು ಹೇಳಿದವರ ಸಲಹೆಯೇ ಸರಿಯಿಲ್ಲ. ಕಥೆ, ಪ್ರಬಂಧದಲ್ಲಿ ಒಂದೇ ಪದ ಮತ್ತೆ ಮತ್ತೆ ಬಂದರೆ ಓದಲು ಬೇಸರ, ನಿಜ. ಸಮೀಕ್ಷೆಯ ವರದಿ ಹಾಗಲ್ಲ. ಅಲ್ಲಿ ಪದ ಬದಲಾದರೆ ಸಂಗತಿಯೂ ಬದಲಾಗಿದೆ ಅಂತ ಓದುವವರು ತಿಳಿಯುತ್ತಾರೆ. ಮೂರನೇ ಸಾಲಿನಲ್ಲಿ ‘ಮೆಜಾರಿಟಿ’, ಐದನೇ ಸಾಲಿನಲ್ಲಿ ‘ಬಲ್ಕ್’ ಅಂದರೆ, ಇವೆರಡೂ ಬೇರೆ ಲೆಕ್ಕವೇನೋ ಅಂತ ಅವರು ಹಿಂದಕ್ಕೆ ಹೋಗಿ ಹುಡುಕುತ್ತಾರೆ. ಹಾಗಾಗಿ ಒಂದೇ ಸಂಗತಿಗೆ ಒಂದೇ ಪದ ಇರಲಿ, ಹತ್ತು ಸಲ ಬಂದರೂ ಸರಿ.

ಆದರೂ ನಿಮ್ಮ ವರದಿಯಲ್ಲಿ ‘ಮೆಜಾರಿಟಿ’ ಜಾಸ್ತಿ ಆಗಿದ್ದು ನಿಜವೇ ಇರಬೇಕು. ಯಾಕೆಂದರೆ ಅದು ಕೂರಬಾರದ ಕಡೆಯೂ ಕೂತಿದೆ. ಕ್ರಾಪ್ ಜೊತೆ ಬಂದಿದೆಯಲ್ಲ, ಅಂಥ ಕಡೆ.

ತೋಟದ ಕೆಲಸವನ್ನೇ ನೆನೆಸಿಕೊಳ್ಳಿ. ಮರದಿಂದ ಇಳಿಸುವಾಗ ಕೊನೆ (ಅಡಿಕೆ ಗೊನೆ) ಎಣಿಸುತ್ತೇವೆ. ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಒಯ್ದಾಗ ಅಡಿಕೆಯನ್ನು ತೂಗುತ್ತೇವೆ, ಎಣಿಸಲು ಹೋಗುವುದಿಲ್ಲ. ಇಂಗ್ಲಿಷ್‌ನ ಈ ಪದಗಳಲ್ಲೂ ಎಣಿಸುವ ಪದ ಬೇರೆ, ತೂಗುವ ಪದ ಬೇರೆ. ಮೆಜಾರಿಟಿ ಎಣಿಸುವ ಪದ. ರೈತರು, ತೋಟಗಳು, ಸದಸ್ಯರು, ಮನೆಗಳು, ಮತಗಳು ಹೀಗೆ ಒಂದು ಎರಡು ಅಂತ ಎಣಿಸಬಹುದಾದ್ದಕ್ಕೆ ಮಾತ್ರ. ಬಲ್ಕ್ ತೂಗುವ ಪದ. ಬೆಳೆ, ನೀರು, ಮಳೆ, ಖರ್ಚು, ನಷ್ಟ ಇಂಥವುಗಳಿಗೆ. ಮೋಸ್ಟ್ ಮಾತ್ರ ಎರಡಕ್ಕೂ ಬರುತ್ತದೆ. ‘ಮೋಸ್ಟ್ ಗ್ರೋವರ್ಸ್’ ಅನ್ನಬಹುದು, ‘ಮೋಸ್ಟ್ ಆಫ್ ದ ಕ್ರಾಪ್’ ಅನ್ನಬಹುದು. ಅದಕ್ಕೇ ಯಾವುದು ಹಾಕಬೇಕು ಅಂತ ತೋಚದಿದ್ದಾಗ ಮೋಸ್ಟ್ ಹಾಕಿ. ಅದು ಚಿಕ್ಕ ಪದ, ಸಾದಾ ಪದ, ಯಾರಿಗೂ ತೊಡಕಿಲ್ಲ. ‘ದ ಮೆಜಾರಿಟಿ ಆಫ್’ ಅಂತ ಮೂರು ಪದ ಬರೆಯುವ ಕಡೆ ಬಹಳಷ್ಟು ಸಲ ‘ಮೋಸ್ಟ್’ ಒಂದೇ ಸಾಕು.

ಈ ವ್ಯತ್ಯಾಸ ಕನ್ನಡದವರಿಗೆ ಹೊಸದೇನಲ್ಲ. ನಾವು ಮತ ಎಣಿಸುವಾಗ ‘ಬಹುಮತ’ ಅನ್ನುತ್ತೇವೆ. ಜನರನ್ನು ಎಣಿಸುವಾಗ ‘ಬಹುಸಂಖ್ಯಾತರು’. ಬೆಳೆ, ಖರ್ಚಿಗೆ ‘ಬಹುಪಾಲು’. ಈ ಮೂರೂ ಕಡೆ ಮೆಜಾರಿಟಿ ಅಂತಲೇ ಬರೆಯುವ ಅಭ್ಯಾಸ ನಮಗೆ ಆಗಿಬಿಟ್ಟಿದೆ. ‘ಬಹುಮತದ ಅಡಿಕೆ ಉದುರಿತು’ ಅಂತ ನೀವು ಯಾವತ್ತೂ ಹೇಳಲ್ಲ. ಕಿವಿಗೆ ಕೇಳಿದ ಕೂಡಲೇ ತಪ್ಪು ಅಂತ ಗೊತ್ತಾಗುತ್ತದೆ. ‘ದ ಮೆಜಾರಿಟಿ ಆಫ್ ದ ಕ್ರಾಪ್’ ಕೂಡ ಇಂಗ್ಲಿಷ್ ಚೆನ್ನಾಗಿ ಬಲ್ಲವರ ಕಿವಿಗೆ ಹಾಗೇ ಕೇಳುತ್ತದೆ. ಮಾತಿನಲ್ಲಿ ಜನ ಹಾಗೆ ಹೇಳುವುದುಂಟು. ‘ಮೆಜಾರಿಟಿ ಆಫ್ ದ ಟೈಮ್’ ಅನ್ನುವುದೂ ಈಗ ತುಂಬಾ ಕೇಳಿಸುತ್ತದೆ. ಬರಹದಲ್ಲಿ ಬೇಡ.

ಇನ್ನು ಮೆಜಾರಿಟಿಯ ಒಳಗೆ ಹೋಗೋಣ. ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಬಿಗಿಯಾದ ಪದ ಇದು. ಅರ್ಧಕ್ಕಿಂತ ಜಾಸ್ತಿ ಇರಲೇಬೇಕು. 200ರಲ್ಲಿ 101 ಮೆಜಾರಿಟಿ, 100 ಅಲ್ಲ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಏಳು ತಾಲ್ಲೂಕು ಇವೆ: ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ, ಶಿಕಾರಿಪುರ. ನಾಲ್ಕರಲ್ಲಿ ಒಂದು ಸಂಗತಿ ಕಂಡರೆ ‘ಎ ಮೆಜಾರಿಟಿ ಆಫ್ ದ ತಾಲೂಕ್ಸ್’ ಅನ್ನುವುದು ಲೆಕ್ಕಕ್ಕೆ ಸರಿ. ಆದರೆ ‘ಮೋಸ್ಟ್ ತಾಲೂಕ್ಸ್’ ಅಂದರೆ ಓದುವವರ ಮನಸ್ಸಿಗೆ ಐದೋ ಆರೋ ಬರುತ್ತದೆ. ಮೋಸ್ಟ್ ಕೂಡ ಅರ್ಧಕ್ಕಿಂತ ಜಾಸ್ತಿ ಅಂತಲೇ. ಆದರೂ ಅರ್ಧ ದಾಟಿ ಸಾಕಷ್ಟು ಮುಂದೆ ಹೋಗಿದೆ ಅನ್ನುವ ಭಾವ ಅದರಲ್ಲಿದೆ. ಹಾಗಾಗಿ 200ರಲ್ಲಿ 104 ತೋಟ ಅಂದಾಗ ನಾನು ಎರಡನ್ನೂ ಬಿಟ್ಟು ‘ಜಸ್ಟ್ ಓವರ್ ಹಾಫ್’ ಅಂತ ಬರೆಯುತ್ತೇನೆ. ಅದೇ ಪ್ರಾಮಾಣಿಕ. ‘ವಾಸ್ಟ್ ಮೆಜಾರಿಟಿ’ ಅನ್ನಬೇಕಾದರೆ ಹತ್ತಕ್ಕೆ ಒಂಬತ್ತರ ಹತ್ತಿರವಾದರೂ ಇರಲಿ. ನೂರಕ್ಕೆ ಅರುವತ್ತಕ್ಕೆ ‘ವಾಸ್ಟ್’ ಸೇರಿಸುವುದು ಬೆಲೆ ಏರಿಸಿ ಹೇಳಿದ ಹಾಗೆ.

ಅರ್ಧ ದಾಟದಿದ್ದರೂ ಎಲ್ಲರಿಗಿಂತ ಮುಂದಿದ್ದರೆ? ಅದಕ್ಕೆ ಪ್ಲುರಾಲಿಟಿ. ಇದು ಅಮೆರಿಕದವರು ಜಾಸ್ತಿ ಬಳಸುವ ಪದ. ಬ್ರಿಟನ್ನಿನವರು ಇದನ್ನೇ ‘ರಿಲೇಟಿವ್ ಮೆಜಾರಿಟಿ’ ಅನ್ನುವುದುಂಟು. ನಾವು ಚುನಾವಣೆಯ ಮಾತಿನಲ್ಲಿ ಇದಕ್ಕೆ ಹತ್ತಿರದ್ದನ್ನು ‘ಅತಿ ದೊಡ್ಡ ಪಕ್ಷ’ ಅಂತ ಹೇಳುತ್ತೇವೆ. ನಮ್ಮ ಜಿಲ್ಲೆಯವರಿಗೆ ಇದು ಮರೆಯುವ ವಿಷಯ ಅಲ್ಲ. 2018ರ ಮೇ ತಿಂಗಳ ವಿಧಾನಸಭೆ ಚುನಾವಣೆಯಲ್ಲಿ 224 ಕ್ಷೇತ್ರಗಳ ಪೈಕಿ 222ಕ್ಕೆ ಮತದಾನ ಆಗಿತ್ತು. ಬಿಜೆಪಿಗೆ 104 ಬಂತು. ಬೇರೆ ಯಾವ ಪಕ್ಷಕ್ಕೂ ಅಷ್ಟು ಬರಲಿಲ್ಲ. ಆದರೆ 222ರಲ್ಲಿ ಬಹುಮತಕ್ಕೆ 112 ಬೇಕಿತ್ತು. ಶಿಕಾರಿಪುರದ ಶಾಸಕ ಯಡಿಯೂರಪ್ಪನವರು ಮೇ 17ರಂದು ಮುಖ್ಯಮಂತ್ರಿಯಾಗಿ ಪ್ರಮಾಣ ವಚನ ತೆಗೆದುಕೊಂಡರು. ಮೇ 19ರಂದು ವಿಶ್ವಾಸಮತದ ಮತದಾನ ನಡೆಯುವ ಮೊದಲೇ ರಾಜೀನಾಮೆ ಕೊಟ್ಟರು. ಪ್ಲುರಾಲಿಟಿಗೂ ಮೆಜಾರಿಟಿಗೂ ಇರುವ ಅಂತರವೇ ಆ ಎಂಟು ಸ್ಥಾನ. ಅದೇ ಚುನಾವಣೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ಮತಗಳನ್ನು ಎಣಿಸಿದರೆ ಕಾಂಗ್ರೆಸ್ ಮುಂದಿತ್ತು, ಸುಮಾರು ಶೇ 38. ಬಿಜೆಪಿಗೆ ಸುಮಾರು ಶೇ 36. ಸ್ಥಾನಗಳ ಪ್ಲುರಾಲಿಟಿ ಒಬ್ಬರದ್ದು, ಮತಗಳ ಪ್ಲುರಾಲಿಟಿ ಇನ್ನೊಬ್ಬರದ್ದು, ಮೆಜಾರಿಟಿ ಯಾರದ್ದೂ ಅಲ್ಲ. ‘ಯಾವುದರ’ ಮೆಜಾರಿಟಿ ಅಂತ ಹೇಳದೆ ಈ ಪದ ಬಳಸಿದರೆ ಎಷ್ಟು ಗೊಂದಲ ಆಗಬಹುದು ನೋಡಿ.

ಕಾನೂನು ಬರೆಯುವವರು ಈ ವಿಷಯದಲ್ಲಿ ಬಹಳ ಎಚ್ಚರ. ಸಂವಿಧಾನದ 368ನೇ ವಿಧಿಯಲ್ಲಿ ತಿದ್ದುಪಡಿಗೆ ಬೇಕಾದ ಬಹುಮತವನ್ನು ಎರಡು ಥರ ಅಳೆದಿದ್ದಾರೆ. ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಬೇಕು. ಜೊತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗಕ್ಕೆ ಕಡಿಮೆ ಇರಬಾರದು. ಬರೀ ‘ಮೆಜಾರಿಟಿ’ ಅಂತ ಬಿಟ್ಟಿದ್ದರೆ ಯಾರನ್ನು ಎಣಿಸಬೇಕು ಅನ್ನುವ ಜಗಳ ಮುಗಿಯುತ್ತಿರಲಿಲ್ಲ.

ನಿಮ್ಮ ವರದಿಗೂ ಇದೇ ಪ್ರಶ್ನೆ ಬರುತ್ತದೆ. 200 ತೋಟದವರು ಉತ್ತರ ಕೊಟ್ಟಿದ್ದಾರೆ. ಅವರಲ್ಲಿ 148 ಜನ ಏನೋ ಹೇಳಿದರು ಅಂದುಕೊಳ್ಳಿ. ‘ಮೋಸ್ಟ್ ಗ್ರೋವರ್ಸ್ ಇನ್ ಮಲ್ನಾಡ್’ ಅಂತ ಬರೆದರೆ ಅದು ನಿಮ್ಮ ಕೈಯಲ್ಲಿಲ್ಲದ ಲೆಕ್ಕ. ‘ಮೋಸ್ಟ್ ಆಫ್ ದ ಗ್ರೋವರ್ಸ್ ವಿ ಸರ್ವೇಯ್ಡ್’ ಅಂದರೆ ಸರಿ. ‘ವಿ ಸರ್ವೇಯ್ಡ್’ ಅನ್ನುವ ಎರಡು ಪದ ನಿಮ್ಮನ್ನು ಎಷ್ಟೋ ಪ್ರಶ್ನೆಗಳಿಂದ ಕಾಯುತ್ತವೆ.

ಈಗ ನಿಮ್ಮ ಪ್ಲುರಾಲಿಟಿ ವಾಕ್ಯಕ್ಕೆ ಬನ್ನಿ. ಮಳೆಗೆ ಮೊದಲು ಬೋರ್ಡೋ ದ್ರಾವಣ (ಕೊಳೆ ತಡೆಯುವ ಔಷಧಿ) ಹೊಡೆದವರು 148 ಜನ ಅಂತಲೇ ಇಟ್ಟುಕೊಳ್ಳೋಣ. ಅದು ಹತ್ತಿರ ಹತ್ತಿರ ಮುಕ್ಕಾಲುವಾಸಿ. ಅದಕ್ಕೆ ಪ್ಲುರಾಲಿಟಿ ಅಂದರೆ, ಪದ ಬಲ್ಲವರು ‘ಓಹೋ, ಅರ್ಧವೂ ಹೊಡೆದಿಲ್ಲ’ ಅಂತ ತಿಳಿಯುತ್ತಾರೆ. ಬೆಳೆಗಾರರ ಮೇಲೆ ಸುಮ್ಮನೆ ಅಪವಾದ ಬಂತು. ಪದ ಬದಲಿಸಿದ್ದರಿಂದ ಆದ ಅನ್ಯಾಯ ಇದು. ಪರಿಹಾರ ಕೇಳಲು ಹೋದಾಗ ‘ನೀವೇ ಔಷಧಿ ಹೊಡೆದಿಲ್ಲವಲ್ಲ’ ಅನ್ನುವ ಮಾತು ಬಂದರೆ ಅದಕ್ಕೆ ನಿಮ್ಮ ವರದಿಯೇ ಸಾಕ್ಷಿ ಆಗಿಬಿಡುತ್ತದೆ. ನಿಜವಾಗಿ ಪ್ಲುರಾಲಿಟಿ ಇರುವ ಕಡೆಯೂ ನಮ್ಮ ಓದುಗರಿಗೆ ಆ ಪದ ಬೇಡ ಅನ್ನುವುದು ನನ್ನ ಅಭಿಪ್ರಾಯ. ‘ದ ಲಾರ್ಜೆಸ್ಟ್ ಗ್ರೂಪ್’ ಅನ್ನಿ, ಇಲ್ಲವೇ ‘ಮೋರ್ ದ್ಯಾನ್ ಎನಿ ಅದರ್ ರೀಸನ್’ ಅನ್ನಿ. ಎಲ್ಲರಿಗೂ ಅರ್ಥ ಆಗುತ್ತದೆ.

ಮೆಜಾರಿಟಿಗೆ ಇನ್ನೆರಡು ಅರ್ಥ ಇವೆ. ಬ್ರಿಟಿಷ್ ಇಂಗ್ಲಿಷ್‌ನಲ್ಲಿ ಗೆದ್ದವರಿಗೂ ಎರಡನೆಯವರಿಗೂ ನಡುವಿನ ಮತಗಳ ಅಂತರಕ್ಕೂ ಮೆಜಾರಿಟಿ ಅನ್ನುತ್ತಾರೆ. ‘ಎ ಮೆಜಾರಿಟಿ ಆಫ್ 5,000’ ಅಂತ ಓದಿದರೆ 5,000 ಮತಗಳ ಅಂತರದ ಗೆಲುವು ಅಂತ. ನಮ್ಮ ಪತ್ರಿಕೆಗಳು ಈಗ ಅದಕ್ಕೆ ‘ಮಾರ್ಜಿನ್’ ಅನ್ನುತ್ತವೆ, ಅದೇ ವಾಸಿ. ಇನ್ನೊಂದು ವಯಸ್ಸಿಗೆ ಬರುವುದು. 1875ರ ಭಾರತೀಯ ಮೆಜಾರಿಟಿ ಕಾಯ್ದೆ ಅಂತ ಹೆಸರೇ ಇದೆ. ಅದು 18 ತುಂಬುವ ಲೆಕ್ಕ, ಗುಂಪಿಗೆ ಸಂಬಂಧ ಇಲ್ಲ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ಜಾಯಿನ್ ದ ಮೆಜಾರಿಟಿ’ ಅಂದರೆ ತೀರಿಕೊಳ್ಳುವುದು. ಇದ್ದವರಿಗಿಂತ ಹೋದವರೇ ಜಾಸ್ತಿ, ಆ ಗುಂಪಿಗೆ ಸೇರಿಕೊಂಡರು ಅಂತ. ಲ್ಯಾಟಿನ್‌ನಲ್ಲೂ ಇದೇ ಮಾತಿದೆ. ‘ಸೈಲೆಂಟ್ ಮೆಜಾರಿಟಿ’ ಕೂಡ ಒಂದು ಕಾಲಕ್ಕೆ ಸತ್ತವರಿಗೆ ಹೇಳುತ್ತಿದ್ದ ಮಾತು. ಅಮೆರಿಕದ ಅಧ್ಯಕ್ಷ ನಿಕ್ಸನ್ 1969ರ ನವೆಂಬರ್ 3ರ ಭಾಷಣದಲ್ಲಿ ಅದನ್ನು ದನಿ ಎತ್ತದ ಸಾಮಾನ್ಯ ಜನರಿಗೆ ಬಳಸಿದರು. ಈಗ ಎಲ್ಲರಿಗೂ ಗೊತ್ತಿರುವ ಅರ್ಥ ಅದೇ.

ಬಲ್ಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಡಗಿನ ಸರಕಿಗೆ ಹೇಳುತ್ತಿದ್ದ ಹಳೆಯ ನಾರ್ಸ್ ಭಾಷೆಯ ಪದದಿಂದ ಬಂದಿದ್ದು. ಆ ರಾಶಿಯ ಭಾವ ಇವತ್ತಿಗೂ ಅದರಲ್ಲಿದೆ. ‘ದ ಬಲ್ಕ್ ಆಫ್ ಆಗುಂಬೆಸ್ ರೇನ್ ಫಾಲ್ಸ್ ಬಿಟ್ವೀನ್ ಜೂನ್ ಆ್ಯಂಡ್ ಸೆಪ್ಟೆಂಬರ್’ ಅಂತ ಬರೆಯಿರಿ, ಚೆನ್ನಾಗಿ ಕೂರುತ್ತದೆ. ಲಿಂಗನಮಕ್ಕಿ ಅಣೆಕಟ್ಟೆಗೆ ಬರುವ ನೀರು, ಸ್ಪ್ರೇ ಮಾಡಿಸುವ ಖರ್ಚು, ಕೊಳೆಯಿಂದ ಆದ ನಷ್ಟ, ಎಲ್ಲಕ್ಕೂ ಬಲ್ಕ್ ಒಪ್ಪುತ್ತದೆ. ಜನರಿಗೆ ಹಾಕಬಾರದು ಅಂತಿಲ್ಲ. ‘ದ ಬಲ್ಕ್ ಆಫ್ ದ ಪಾಪುಲೇಶನ್’ ಅನ್ನುತ್ತಾರೆ. ಸಾಗರದ ಕಡೆ ‘ರಾಶಿ ಜನ’ ಅನ್ನುವುದಿಲ್ಲವಾ, ಹಾಗೆ. ಒಬ್ಬೊಬ್ಬರನ್ನೂ ನೋಡದೆ ಒಟ್ಟಾಗಿ ನೋಡಿದಾಗ ಬರುವ ಮಾತು ಅದು. ನೀವು ಮನೆ ಮನೆಗೆ ಹೋಗಿ ಎಣಿಸಿದ ಬೆಳೆಗಾರರಿಗೆ ಅದು ಬೇಡ.

ಎಣಿಕೆಯೂ ತೂಕವೂ ಬೇರೆ ಬೇರೆ ದಿಕ್ಕಿಗೆ ಹೋಗುವ ಸಂದರ್ಭ ಒಂದಿದೆ. ಅದು ನಿಮ್ಮ ಸಮೀಕ್ಷೆಯಲ್ಲೇ ಇರಬಹುದು. 200ರಲ್ಲಿ 117 ತೋಟಕ್ಕೆ ಕೊಳೆ ಬಂದಿದೆ, ಆದರೆ ಹಳ್ಳದ ಪಕ್ಕದ 30 ತೋಟಗಳಲ್ಲೇ ಒಟ್ಟು ನಷ್ಟದ ಮುಕ್ಕಾಲು ಭಾಗ ಆಗಿದೆ ಅಂದುಕೊಳ್ಳಿ. ಆಗ ‘ಮೋಸ್ಟ್ ಗಾರ್ಡನ್ಸ್ ಹ್ಯಾಡ್ ದ ಡಿಸೀಸ್’ ಅನ್ನುವುದೂ ನಿಜ, ‘ದ ಬಲ್ಕ್ ಆಫ್ ದ ಲಾಸ್ ವಾಸ್ ಇನ್ 30 ಗಾರ್ಡನ್ಸ್’ ಅನ್ನುವುದೂ ನಿಜ. ಮೊದಲನೆಯದು ಎಷ್ಟು ಜನರಿಗೆ ತೊಂದರೆ ಆಯಿತು ಅಂತ ಹೇಳುತ್ತದೆ. ಎರಡನೆಯದು ಪರಿಹಾರ ಎಲ್ಲಿಗೆ ಮೊದಲು ಹೋಗಬೇಕು ಅಂತ ಹೇಳುತ್ತದೆ. ಎರಡೂ ವಾಕ್ಯಕ್ಕೆ ‘ಮೆಜಾರಿಟಿ’ ಅಂತಲೇ ಹಾಕಿದ್ದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತಿತ್ತು. ನಿಮ್ಮ ಪಟ್ಟಿಯಲ್ಲಿ ಬಲ್ಕ್ ಇರುವುದು ಒಳ್ಳೆಯದೇ ಅಂತ ನನಗೆ ಅನ್ನಿಸುವುದು ಇಂಥ ಕಡೆ.

ಲಯನ್ಸ್ ಶೇರ್ ಅಂದರೆ ನಾವೂ ‘ಸಿಂಹಪಾಲು’ ಅಂತ ದಿನಾ ಪತ್ರಿಕೆಯಲ್ಲಿ ಓದುತ್ತೇವೆ. ಇದು ಈಸೋಪನ ಕಥೆಗಳಿಂದ ಬಂದ ಮಾತು. ಸಿಂಹ ಬೇರೆ ಪ್ರಾಣಿಗಳ ಜೊತೆ ಬೇಟೆಗೆ ಹೋಗುತ್ತದೆ. ಸಿಕ್ಕಿದ್ದನ್ನು ಪಾಲು ಮಾಡುವಾಗ ನಾನು ಸಿಂಹ ಅಂತ ಒಂದು, ನನಗೆ ಬಲ ಹೆಚ್ಚು ಅಂತ ಒಂದು, ಹೀಗೆ ಒಂದೊಂದು ನೆಪ ಹೇಳಿ ಎಲ್ಲಾ ಪಾಲನ್ನೂ ತಾನೇ ಇಟ್ಟುಕೊಳ್ಳುತ್ತದೆ. ಅಂದರೆ ಮೂಲದಲ್ಲಿ ಅದು ದೊಡ್ಡ ಪಾಲೂ ಅಲ್ಲ, ಪೂರ್ತಿ. ಈಗಿನ ಬಳಕೆಯಲ್ಲಿ ದೊಡ್ಡ ಪಾಲು ಅಂತ ಅರ್ಥ. ಆದರೆ ಎರಡು ಗುಣ ಉಳಿದುಕೊಂಡಿವೆ. ಹಂಚಿಕೊಳ್ಳುವ ವಸ್ತು ಒಂದು ಇರಬೇಕು, ಅದನ್ನು ತೆಗೆದುಕೊಳ್ಳುವವರು ಯಾರೋ ಇರಬೇಕು. ‘ಲೇಬರ್ ಟೇಕ್ಸ್ ದ ಲಯನ್ಸ್ ಶೇರ್ ಆಫ್ ದ ಕಾಸ್ಟ್’ ಅನ್ನಬಹುದು. ಖರ್ಚು ಹಂಚಿಹೋಗುತ್ತದೆ, ಕೂಲಿ ದೊಡ್ಡ ಪಾಲು ತೆಗೆದುಕೊಳ್ಳುತ್ತದೆ. ನಿಮ್ಮ ವಾಕ್ಯದಲ್ಲಿ ರೈತರನ್ನೇ ಪಾಲು ಮಾಡಿದ ಹಾಗಾಯಿತು. ‘ರೈತರ ಸಿಂಹಪಾಲಿಗೆ ಕೊಳೆ ಬಂತು’ ಅಂತ ಕನ್ನಡದಲ್ಲಿ ಹೇಳಿ ನೋಡಿ, ಕಿವಿಗೆ ಒಗ್ಗಲ್ಲ. ಇನ್ನೊಂದು ಎಚ್ಚರಿಕೆ: ಈ ಪದದಲ್ಲಿ ಸ್ವಲ್ಪ ದೂರು ಇದೆ. ‘ಅನುದಾನದ ಲಯನ್ಸ್ ಶೇರ್ ಪಟ್ಟಣಕ್ಕೆ ಹೋಯಿತು’ ಅಂದರೆ ಹಳ್ಳಿಗೆ ಮೋಸ ಆಯಿತು ಅನ್ನುವ ಧ್ವನಿ ಕೇಳಿಸುತ್ತದೆ. ಹಾಗೆ ಹೇಳಬೇಕು ಅಂತಿದ್ದರೆ ಧೈರ್ಯವಾಗಿ ಹಾಕಿ. ಬರೀ ಲೆಕ್ಕ ಕೊಡುವುದಿದ್ದರೆ ‘ಮೋಸ್ಟ್ ಆಫ್ ದ ಗ್ರಾಂಟ್’ ಸಾಕು.

ಪ್ರಿಪಾಂಡರೆನ್ಸ್ ನಿಮ್ಮ ವರದಿಗೆ ಬೇಡವೇ ಬೇಡ. ಲ್ಯಾಟಿನ್‌ನಲ್ಲಿ ತೂಕ ಅನ್ನುವ ಪದದಿಂದ ಬಂದಿದೆ. ತಕ್ಕಡಿ ಯಾವ ಕಡೆ ವಾಲಿತು ಅನ್ನುವ ಅರ್ಥ. ಇದು ಸರಿಯಾಗಿ ಕೂರುವ ಜಾಗ ನ್ಯಾಯಾಲಯ. ಕ್ರಿಮಿನಲ್ ಕೇಸಿನಲ್ಲಿ ಅಪರಾಧ ಸಕಾರಣ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಜಮೀನಿನ ತಕರಾರಿನಂಥ ಸಿವಿಲ್ ಕೇಸಿನಲ್ಲಿ ‘ಪ್ರಿಪಾಂಡರೆನ್ಸ್ ಆಫ್ ಪ್ರಾಬಬಿಲಿಟೀಸ್’ ಸಾಕು. ಯಾರ ಮಾತು ನಿಜ ಇರುವ ಸಾಧ್ಯತೆ ಹೆಚ್ಚು ಅಂತ ತೂಗಿ ನೋಡುತ್ತಾರೆ. ಸಾಕ್ಷಿಗಳ ತಲೆ ಎಣಿಸುವುದಿಲ್ಲ. ಹತ್ತು ಜನರ ಮಾತಿಗಿಂತ ಒಂದು ಹಳೆಯ ಕಾಗದ ತೂಕ ಆಗಬಹುದು.

‘ದ ಬೆಟರ್ ಪಾರ್ಟ್ ಆಫ್’ ಅಂದಾಗ ಬೆಟರ್ ಅಂದರೆ ಒಳ್ಳೆಯದು ಅಂತ ಅಲ್ಲ, ಹೆಚ್ಚಿನದು ಅಂತ. ‘ದ ಬೆಟರ್ ಪಾರ್ಟ್ ಆಫ್ ಎ ಡೇ’ ಅಂದರೆ ದಿನದ ಅರ್ಧಕ್ಕಿಂತ ಜಾಸ್ತಿ ಹೊತ್ತು. ಕಾಲಕ್ಕೆ ಚೆಂದ ಒಪ್ಪುತ್ತದೆ, ಉಳಿದ ಕಡೆ ಗೊಂದಲ. ‘ದ ಬೆಟರ್ ಪಾರ್ಟ್ ಆಫ್ ದ ಕ್ರಾಪ್’ ಅಂದರೆ ಒಳ್ಳೆಯ ಅಡಿಕೆಯೇ ಹೋಯಿತು ಅಂತ ಓದುವವರು ತಿಳಿಯಬಹುದು. ‘ಗ್ರೇಟರ್ ಪಾರ್ಟ್’ ಅಂದರೆ ಆ ಭಯ ಇಲ್ಲ. ನಮ್ಮಲ್ಲಿ ಬಹಳ ಕೇಳುವ ‘ಮೇಜರ್ ಪೋರ್ಶನ್’ ನನಗೆ ಇಷ್ಟ ಇಲ್ಲ. ಮೇಜರ್ ಅಂದರೆ ಮುಖ್ಯ ಅಂತಲೂ ಆಗುತ್ತದೆ, ದೊಡ್ಡದೋ ಮುಖ್ಯವೋ ಗೊತ್ತಾಗಲ್ಲ. ‘ಬೈ ಆ್ಯಂಡ್ ಲಾರ್ಜ್’, ‘ಫಾರ್ ದ ಮೋಸ್ಟ್ ಪಾರ್ಟ್’ ಇವು ಒಟ್ಟಾರೆ ಮಾತಿಗೆ ಸರಿ, ಎಣಿಸಿದ ಲೆಕ್ಕಕ್ಕೆ ಅಲ್ಲ.

ನಾಲ್ಕನೇ ವಾಕ್ಯದ ‘ಮೋಸ್ಟ್ಲಿ ಫಾರ್ಮರ್ಸ್’ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಈ ತಪ್ಪು ನಿಮ್ಮೊಬ್ಬರದ್ದಲ್ಲ, ಇಡೀ ಕನ್ನಡ ನಾಡಿನದ್ದು. ನಮ್ಮ ಮಾತಿನಲ್ಲಿ ಮೋಸ್ಟ್ಲಿ ಅಂದರೆ ಬಹುಶಃ. ‘ಮೋಸ್ಟ್ಲಿ ನಾಳೆ ಬರ್ತಾನೆ’ ಅನ್ನುತ್ತೇವೆ. ಕನ್ನಡದೊಳಗೆ ಅದು ಈಗ ನಮ್ಮದೇ ಪದ, ಅಲ್ಲಿ ತಪ್ಪಿಲ್ಲ. ಆದರೆ ‘ಹಿ ವಿಲ್ ಮೋಸ್ಟ್ಲಿ ಕಮ್ ಟುಮಾರೋ’ ಅಂತ ಬರೆದರೆ ಹೊರಗಿನವರಿಗೆ ಅರ್ಥ ಆಗುವುದಿಲ್ಲ. ಅಲ್ಲಿ ‘ಪ್ರಾಬಬ್ಲಿ’ ಬೇಕು.

ಮೋಸ್ಟ್‌ಗೂ ಮೋಸ್ಟ್ಲಿಗೂ ಇರುವ ಅಂತರ ಇನ್ನೂ ಸೂಕ್ಷ್ಮ. ಸಂಘದಲ್ಲಿ 500 ಸದಸ್ಯರಿದ್ದಾರೆ. ಒಂದು ಸಭೆಗೆ ಹತ್ತು ಬೆಳೆಗಾರರು, ಇಬ್ಬರು ಅಧಿಕಾರಿಗಳು ಬಂದರು. ‘ದೋಸ್ ಹೂ ಕೇಮ್ ವರ್ ಮೋಸ್ಟ್ಲಿ ಗ್ರೋವರ್ಸ್’ ಅನ್ನುವುದು ನಿಜ. ಬಂದ 12 ಜನರಲ್ಲಿ ಬೆಳೆಗಾರರೇ ಜಾಸ್ತಿ. ‘ಮೋಸ್ಟ್ ಗ್ರೋವರ್ಸ್ ಕೇಮ್’ ಅಂದರೆ ಶುದ್ಧ ಸುಳ್ಳು. 500ರಲ್ಲಿ ಬಂದಿದ್ದು ಹತ್ತೇ. ಮೊದಲನೆಯದು ಬಂದವರನ್ನು ಎಣಿಸುತ್ತದೆ, ಎರಡನೆಯದು ಬೆಳೆಗಾರರನ್ನು ಎಣಿಸುತ್ತದೆ.

‘ಮ್ಯಾಕ್ಸಿಮಮ್’ ಇನ್ನೂ ಅಪಾಯ. ‘ಮ್ಯಾಕ್ಸಿಮಮ್ ಜನ ಬಂದಿದ್ರು’ ಅಂತ ನಾವು ಹೇಳುವುದು ಹೆಚ್ಚಿನವರು ಬಂದರು ಅಂತ. ಇಂಗ್ಲಿಷ್‌ನಲ್ಲಿ ಅದು ಮೇಲಿನ ಮಿತಿ. ‘ಮ್ಯಾಕ್ಸಿಮಮ್ 40 ಫಾರ್ಮರ್ಸ್’ ಅಂದರೆ 40ಕ್ಕಿಂತ ಜಾಸ್ತಿ ಇಲ್ಲ ಅಂತ. ನೀವು ಹೆಚ್ಚು ಅಂತ ಹೇಳಲು ಹೊರಟಿದ್ದು ಕಡಿಮೆ ಅಂತ ತಲುಪುತ್ತದೆ.

ಮೋಸ್ಟ್ ಮತ್ತು ಆಲ್ಮೋಸ್ಟ್ ಅದಲು ಬದಲಾಗುವುದಕ್ಕೆ ನಮ್ಮ ‘ಬಹುತೇಕ’ ಕಾರಣ ಅಂತ ನನಗೆ ಅನ್ನಿಸುತ್ತದೆ. ‘ಬಹುತೇಕ ರೈತರು’ ಅಂದರೆ ಮೋಸ್ಟ್ ಫಾರ್ಮರ್ಸ್. ‘ಕೊಯ್ಲು ಬಹುತೇಕ ಮುಗಿದಿದೆ’ ಅಂದರೆ ಆಲ್ಮೋಸ್ಟ್ ಓವರ್. ಕನ್ನಡದ ಒಂದು ಪದ ಎರಡು ಕೆಲಸ ಮಾಡುತ್ತದೆ, ಇಂಗ್ಲಿಷ್‌ನಲ್ಲಿ ಎರಡಕ್ಕೂ ಬೇರೆ ಪದ. ‘ಆಲ್ಮೋಸ್ಟ್ ಫಾರ್ಮರ್ಸ್’ ಅಂತ ಬರೆದರೆ ಇನ್ನೂ ಪೂರ್ತಿ ರೈತರಾಗಿಲ್ಲದವರು ಅಂತ ಅರ್ಥ. ‘ಆಲ್ಮೋಸ್ಟ್ ಆಲ್ ಫಾರ್ಮರ್ಸ್’ ಅಂದರೆ ಸರಿ, ಆದರೆ ಅದು ನೂರಕ್ಕೆ ತೊಂಬತ್ತೈದು ಇದ್ದಾಗ. ಹಾಗೇ ‘ಮೋಸ್ಟ್ ಆಫ್ ಫಾರ್ಮರ್ಸ್’ ಬೇಡ. ‘ಮೋಸ್ಟ್ ಫಾರ್ಮರ್ಸ್’ ಅಥವಾ ‘ಮೋಸ್ಟ್ ಆಫ್ ದ ಫಾರ್ಮರ್ಸ್’. ‘ಆಫ್’ ಬಂದರೆ ‘ದ’ ಅಥವಾ ‘ದೀಸ್’, ‘ಅವರ್’ ಇಂಥದ್ದೊಂದು ಜೊತೆಗೆ ಬರಬೇಕು. ‘ಮೆಜಾರಿಟಿ ಫಾರ್ಮರ್ಸ್’ ಅಂತ ಬರೀ ಎರಡು ಪದ ಇಡುವುದು ಕನ್ನಡದ ‘ಮೆಜಾರಿಟಿ ಜನ’ದ ನೆರಳು. ಇಂಗ್ಲಿಷ್‌ನಲ್ಲಿ ನಡುವೆ ‘ಆಫ್’ ಬೇಕೇ ಬೇಕು.

ಕ್ರಿಯಾಪದದ ಪ್ರಶ್ನೆ ಸುಲಭ. ‘ಆಫ್’ ಆದ ಮೇಲೆ ಏನಿದೆ ನೋಡಿ. ‘ದ ಮೆಜಾರಿಟಿ ಆಫ್ ದ ಗ್ರೋವರ್ಸ್ ವರ್’, ‘ಮೋಸ್ಟ್ ಆಫ್ ದ ಕ್ರಾಪ್ ವಾಸ್’, ‘ಮೋಸ್ಟ್ ಆಫ್ ದ ವೆಲ್ಸ್ ವರ್’, ‘ದ ಬಲ್ಕ್ ಆಫ್ ದ ರೇನ್ ವಾಸ್’. ಬಹುಮತವನ್ನೇ ಒಂದು ಸಂಗತಿಯಾಗಿ ಹೇಳುವಾಗ ಮಾತ್ರ ಏಕವಚನ: ‘ಎ ಮೆಜಾರಿಟಿ ಆಫ್ 112 ವಾಸ್ ನೀಡೆಡ್’.

ಈಗ ನಿಮ್ಮ ವಾಕ್ಯಗಳನ್ನು ತಿದ್ದೋಣ. ಅಂಕಿ ನಾನು ಉದಾಹರಣೆಗೆ ಇಟ್ಟಿದ್ದು, ನಿಮ್ಮದನ್ನು ತುಂಬಿಕೊಳ್ಳಿ. ಮೊದಲನೆಯದು: ‘ಆಫ್ ದ 200 ಗಾರ್ಡನ್ಸ್ ವಿ ಸರ್ವೇಯ್ಡ್, 117 ಹ್ಯಾಡ್ ಕೊಳೆರೋಗ’. ಇಲ್ಲಿ ಮೋಸ್ಟೂ ಬೇಡ, ಮೆಜಾರಿಟಿಯೂ ಬೇಡ. ಅಂಕಿ ಕೈಯಲ್ಲಿದ್ದಾಗ ಅಂಕಿಯೇ ಒಳ್ಳೆಯ ಪದ. ಎರಡನೆಯದು: ‘ಮೋಸ್ಟ್ ಆಫ್ ದೆಮ್, 148, ಹ್ಯಾಡ್ ಸ್ಪ್ರೇಯ್ಡ್ ಬಿಫೋರ್ ದ ರೇನ್ಸ್’ ಅಂತ ಬರೆಯಬೇಡಿ. ‘ದೆಮ್’ ಅಂದರೆ 117ರಲ್ಲಿ 148 ಅಂತಾಗುತ್ತದೆ. ‘ಮೋಸ್ಟ್ ಆಫ್ ದ 200 ಗ್ರೋವರ್ಸ್’ ಅಂತ ಬಿಡಿಸಿ ಬರೆಯಿರಿ. ಮೂರನೆಯದು: ‘ದ ಬಲ್ಕ್ ಆಫ್ ದ ಲಾಸ್ ಕೇಮ್ ಇನ್ ಜುಲೈ’. ನೀವು ಕ್ರಾಪ್ ಅಂತ ಬರೆದಿದ್ದೀರಿ. ಜುಲೈನಲ್ಲಿ ಉದುರಿದ್ದು ಒಟ್ಟು ಬೆಳೆಯ ಬಹುಪಾಲೋ, ಉದುರಿದ್ದರಲ್ಲಿ ಬಹುಪಾಲೋ ಅಂತ ಒಮ್ಮೆ ನೋಡಿಕೊಳ್ಳಿ. ಎರಡನೆಯದೇ ಇರಬೇಕು ಅಂತ ನನ್ನ ಊಹೆ.

ನಾಲ್ಕನೆಯದಕ್ಕೆ ನಿಮ್ಮ ಅಂಕಿ ಪಟ್ಟಿ ಮತ್ತೆ ತೆರೆಯಬೇಕು. ಎರಡನೇ ಸಲ ಔಷಧಿ ಹೊಡೆಯದವರು 126 ಜನ, ಅವರಲ್ಲಿ ಆಳು ಸಿಗಲಿಲ್ಲ ಅಂದವರು 52, ಮಳೆ ಬಿಡಲಿಲ್ಲ ಅಂದವರು 43, ಬೇರೆ ಕಾರಣ ಹೇಳಿದವರು 31 ಅಂದುಕೊಳ್ಳಿ. 52 ಅನ್ನುವುದು 126ರಲ್ಲಿ ಅರ್ಧವೂ ಇಲ್ಲ. ಮೋಸ್ಟ್ ಆಗುವುದಿಲ್ಲ, ಮೆಜಾರಿಟಿ ಆಗುವುದಿಲ್ಲ. ‘ಆಫ್ ದ 126 ಹೂ ಮಿಸ್ಡ್ ದ ಸೆಕೆಂಡ್ ಸ್ಪ್ರೇ, ದ ಲಾರ್ಜೆಸ್ಟ್ ಗ್ರೂಪ್, 52, ಕುಡ್ ನಾಟ್ ಗೆಟ್ ಲೇಬರ್; 43 ಸೆಡ್ ದ ರೇನ್ ನೆವರ್ ಲೆಟ್ ಅಪ್’ ಅಂತ ಬರೆಯಿರಿ. ಮಳೆ ಬಿಡಲಿಲ್ಲ ಅಂದ 43 ಜನರನ್ನೂ ಅದೇ ವಾಕ್ಯದಲ್ಲಿ ಇಡುವುದನ್ನು ಮರೆಯಬೇಡಿ. ಮರ ಹತ್ತುವ ಆಳಿನ ಕೊರತೆ ಒಂದು ಸಮಸ್ಯೆ, ಬಿಡುವು ಕೊಡದ ಮಳೆ ಇನ್ನೊಂದು. ‘ಮೋಸ್ಟ್ಲಿ ಲೇಬರ್’ ಅಂತ ಬರೆದರೆ ಓದುವ ಅಧಿಕಾರಿ ಎರಡನೆಯದನ್ನು ನೋಡುವುದೇ ಇಲ್ಲ.